ಅಂಬರಾಯ ಕಪ್ಪಾದ ವರ್ಷ

ಹಣಮಮ್ಮನಿಗೆ ಗಂಡನ ಮೇಲೆ ಮೊದಲು ಸಂಶಯ ಹುಟ್ಟಿದ್ದು ಕೊಬ್ಬರಿ ಎಣ್ಣೆಯಿಂದ. ದೀಪಾವಳಿಗೊಮ್ಮೆ ತಲೆಗೆ ಎಣ್ಣೆ ಒತ್ತಿಸಿಕೊಂಡರೆ ಅದೇ ಹೆಚ್ಚು ಅನ್ನುವಂಥ ಮನುಷ್ಯ ಅಂಬರಾಯ. ಅಂಥವನು ಈಗ ಕೆಲಸದಿಂದ ಬಂದವನೇ ಬಕೀಟಿಗೆ ನೀರು ತುಂಬಿ, ಅದರಲ್ಲಿ ಕೈಕಾಲು ನೆನೆಹಾಕಿಕೊಂಡು ಕೂಡುತ್ತಿದ್ದ. ಆಮೇಲೆ ಹಸಿ ಚರ್ಮದ ಮೇಲೆಯೇ ಅಂಗೈಗೆ, ಅಂಗಾಲಿಗೆ, ಮೊಣಕೈಗೆ ಮದುಮಗನ ಹಾಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

“ಏನ್ರಿ, ಇಷ್ಟು ಸಿಂಗಾರ ಯಾರಿಗಿ?” ಎಂದು ಒಂದು ದಿನ ಕೇಳಿಯೇಬಿಟ್ಟಳು.

“ವಯಸ್ಸಾತಲ್ಲ, ಚರ್ಮ ಒಣಗಾಕತ್ತದ,” ಎಂದ. ಆದರೆ ಮುಖ ಎತ್ತಲಿಲ್ಲ.

ಅವರ ಮನೆ ವಾಡಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿತ್ತು. ಅಂಬರಾಯನ ಹಿರಿಯರು ಕಾಗಿಣಾ ಹೊಳೆಯಲ್ಲಿ ಬಲೆ ಬೀಸಿದವರು. ಅವನು ಮಾತ್ರ ಹುಡುಗನಿದ್ದಾಗಲೇ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆ ಸೇರಿ ಕಲ್ಲು ಎತ್ತುವುದರಲ್ಲೇ ಹೆಗಲು ಸವೆಸಿದ್ದ. ಹಣಮಮ್ಮ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಅವಳ ಕೈಯ ರೊಟ್ಟಿ ಮರುದಿನಕ್ಕೂ ಮೆತ್ತಗಿರುತ್ತದೆ ಎಂದು ಸ್ಟೇಷನ್ ಸುತ್ತಲೂ ಹೆಸರಿತ್ತು. ಪಕ್ಕದ ಮನೆಯ ಚಂದ್ರಕಲಾ ಬಂದು ಎರಡನೇ ಒಲೆ ಮುಂದೆ ಕೂಡುತ್ತಿದ್ದಳು. ಒಬ್ಬಳೇ ಮಗಳು ಅಂಬುಜಾಳನ್ನು ಕಾಳಗಿ ಊರಿಗೆ ಕೊಟ್ಟಿದ್ದರು. ಈಗ ಅವಳು ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬರುವವಳಿದ್ದಳು.

ಎಣ್ಣೆಯೊಂದೇ ಆಗಿದ್ದರೆ ಹಣಮಮ್ಮ ಮರೆತುಬಿಡುತ್ತಿದ್ದಳೋ ಏನೋ. ಆದರೆ ಅಂಬರಾಯ ಹಾಸಿಗೆಯನ್ನು ಒಳಗಿನಿಂದ ಪಡಸಾಲೆಗೆ ಎಳೆದುಕೊಂಡ. ಸೆಖೆ ಅಂದ. ಸೆಖೆ ಹೋಗಿ ಮಳೆ ಬಂದರೂ ಹಾಸಿಗೆ ಒಳಗೆ ಬರಲಿಲ್ಲ. ತನ್ನ ಟವೆಲ್ಲು, ತನ್ನ ಚೊಂಬು ಬೇರೆ ಮಾಡಿಕೊಂಡ. ಮೊದಲು ಅವಳ ತಾಟಿನಿಂದಲೇ ಒಂದು ತುತ್ತು ಕಸಿದು ತಿನ್ನುತ್ತಿದ್ದವನು ಈಗ ದೂರ ಗೋಡೆಗೆ ಆತು ಕೂತು ಉಣ್ಣುತ್ತಿದ್ದ. ಎಷ್ಟೇ ಬೆವರಿದರೂ ಮೈಮೇಲಿನ ಬನಿಯನ್ ತೆಗೆಯುತ್ತಿರಲಿಲ್ಲ. ತಿಂಗಳಿಗೊಂದು ದಿನ ಕೆಲಸ ಬಿಟ್ಟು ಸೇಡಂ ಕಡೆಯ ಪ್ಯಾಸೆಂಜರ್ ಹತ್ತುತ್ತಿದ್ದ. ಕೇಳಿದರೆ ಕಲ್ಲಿನ ಲೋಡಿನ ವ್ಯವಹಾರ ಅನ್ನುತ್ತಿದ್ದ. ಕಲ್ಲು ಎತ್ತುವವನಿಗೆ ವ್ಯವಹಾರ ಎಲ್ಲಿಂದ ಬಂತು?

ಒಂದು ಬೆಳಿಗ್ಗೆ ಅವಳು ಒಲೆಯ ಮೇಲಿನ ಹಂಚು ಇಳಿಸಲು ಅರಿವೆ ಹುಡುಕುತ್ತಿದ್ದಾಗ ಅಂಬರಾಯ ಬಂದು ಬರಿಗೈಯಿಂದಲೇ ಹಂಚು ಎತ್ತಿ ಕೆಳಗಿಟ್ಟ. ಕೆಂಪಗೆ ಕಾದಿದ್ದ ಹಂಚು. ಅವನು ಹಾ ಅನ್ನಲಿಲ್ಲ, ಕೈ ಕೊಡವಲಿಲ್ಲ. ಸಂಜೆಗೆ ಅವನ ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದಿದ್ದವು. ಮೈಮೇಲೆ ಎಚ್ಚರವೇ ಇಲ್ಲದಷ್ಟು ಇವನ ಮನಸ್ಸು ಎಲ್ಲಿ ಹೋಗಿದೆ, ಯಾರ ಹತ್ತಿರ ಹೋಗಿದೆ ಎಂದು ಅವಳು ರಾತ್ರಿಯೆಲ್ಲ ಲೆಕ್ಕ ಹಾಕಿದಳು.

ಅದೇ ಹೊತ್ತಿಗೆ ಚಂದ್ರಕಲಾ ಸೇಡಮ್ಮಿನಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಬಂದಳು. ಹಿಟ್ಟು ನಾದುತ್ತಾ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿದಳು.

“ಅಕ್ಕಾ, ಹೇಳಬೇಕೋ ಬ್ಯಾಡೋ ಗೊತ್ತಾಗವಲ್ದು. ನಿನ್ನ ಗಂಡನ್ನ ನೋಡಿದೆ. ದವಾಖಾನಿ ಹಿಂದ ಬೇವಿನ ಗಿಡ ಅದಲ್ಲ, ಅಲ್ಲಿ ಕಟ್ಟಿ ಮ್ಯಾಲೆ ಕುಂತಿದ್ದ. ನೀಲಿ ಸೀರಿ ಉಟ್ಟಾಕಿ ಒಬ್ಬಾಕಿ ಅವನ ಕಾಲು ಹಿಡಕೊಂಡು ಚಪ್ಪಲಿ ತೊಡಸಾಕತ್ತಿದ್ಲು.”

“ಕಾಲು ಹಿಡಕೊಂಡು?”

“ನನ್ನ ಕಣ್ಣಿಲೆ ನೋಡೀನಿ. ಮತ್ತ ನಕ್ಕೊಂತ ಮಾತಾಡಾಕತ್ತಿದ್ಲು.”

ಹಣಮಮ್ಮನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ಹರಿಯಿತು. ಅಂಬರಾಯ ಆ ಸಲ ಸೇಡಮ್ಮಿನಿಂದ ಬರುವಾಗ ಹೊಸ ಕರಿ ಚಪ್ಪಲಿ ಹಾಕಿಕೊಂಡು ಬಂದದ್ದು ನಿಜ. ಒಳಗೆ ಮೆತ್ತನೆಯ ರಬ್ಬರಿದ್ದ, ಪೇಟೆಯಲ್ಲಿ ಎಲ್ಲೂ ಕಾಣದಂಥ ಚಪ್ಪಲಿ. ಗೆಳೆಯ ಕೊಟ್ಟ ಅಂದಿದ್ದ.

ಅಂದಿನಿಂದ ಅವಳು ಗಂಡನ ಒಂದೊಂದು ಚಲನೆಯನ್ನೂ ಅಳೆಯತೊಡಗಿದಳು. ಆಗ ಕಂಡದ್ದು ಇನ್ನೂ ಭಯಂಕರವಾಗಿತ್ತು. ಅಂಬರಾಯ ಕಪ್ಪಾಗುತ್ತಿದ್ದ. ಬಿಸಿಲಿನ ಕಪ್ಪಲ್ಲ. ಸುಟ್ಟ ತಾಮ್ರದ ಹಾಗೆ ಕೆಂಪು ಬೆರೆತ ಕಪ್ಪು ಬಣ್ಣ ಕೆನ್ನೆಯ ಮೇಲೆ, ಹಣೆಯ ಮೇಲೆ ದಟ್ಟವಾಗುತ್ತಿತ್ತು. ಮೊಣಕಾಲ ಕೆಳಗೆ ಚರ್ಮ ಮೀನಿನ ಹುರುಪೆಯಂತೆ ಏಳುತ್ತಿತ್ತು. ಒಮ್ಮೆ ಅವನು ಸೇಡಮ್ಮಿನಿಂದ ಬಂದ ಸಂಜೆ, ಅವನ ಹಿಂದೆಯೇ ಬಚ್ಚಲಿಗೆ ಹೋದವಳು ಕಲ್ಲಿನ ಮೇಲೆ ಕೆಂಪಗೆ ಹರಿದ ಉಚ್ಚೆ ಕಂಡು ನೇರ ಚಂದ್ರಕಲಾಳ ಮನೆಗೆ ಓಡಿದಳು.

“ಮದ್ದು ಹಾಕ್ಯಾಳ,” ಎಂದಳು ಚಂದ್ರಕಲಾ. ಆ ಸೀಮೆಯಲ್ಲಿ ಮದ್ದು ಹಾಕುವುದೆಂದರೆ ಪರಗಂಡಸನ್ನು ವಶ ಮಾಡಿಕೊಳ್ಳಲು ಊಟದಲ್ಲೋ ಎಲೆ ಅಡಿಕೆಯಲ್ಲೋ ಏನಾದರೂ ಬೆರೆಸಿ ತಿನ್ನಿಸುವುದು. “ಮದ್ದು ಹಾಕಿದ್ರ ಮೈ ಹೀಂಗೇ ಒಣಗಿ ಕರ್ರಗಾಗ್ತದ. ಬಿಡಿಸದಿದ್ರ ಮನಷ್ಯಾ ಉಳಿಯಂಗಿಲ್ಲ ನೋಡು.”

ಹಣಮಮ್ಮನಿಗೆ ಸಿಟ್ಟು ಒಂದು ಕಡೆ, ಭಯ ಒಂದು ಕಡೆ. ಗಂಡ ಬೇರೆಯವಳ ಪಾಲಾದನೆಂಬ ಉರಿಗಿಂತ ಆ ಹೆಂಗಸು ಅವನನ್ನು ಕೊಲ್ಲುತ್ತಿದ್ದಾಳೆ ಎಂಬ ಹೆದರಿಕೆ ದಿನದಿನಕ್ಕೆ ಹೆಚ್ಚಾಯಿತು. ಮಾತೆತ್ತಿ ಕೇಳಿದರೆ ಜಾಗ ಬದಲಿಸಿಯಾನು ಎಂದು ಬಾಯಿ ಬಿಗಿ ಹಿಡಿದಳು. ಅಂಬರಾಯನೂ ಅವಳ ಮೌನ ನೋಡಿ ಬೆದರಿದವನಂತೆ ಇನ್ನಷ್ಟು ದೂರ ಸರಿದ.

ಒಂದು ಸಂಜೆ ಅವನು ಬಚ್ಚಲಿನಲ್ಲಿದ್ದಾಗ ಅವನ ಮೊಬೈಲ್ ರಿಂಗಾಯಿತು. ಎತ್ತಿದಳು. ಇವಳು ಹಲೋ ಅನ್ನುವ ಮೊದಲೇ ಆ ಕಡೆಯಿಂದ ಹೆಣ್ಣು ದನಿ, “ಅಂಬರಾಯ, ನಾಳಿಗಿ ಬರೋದು ಮರೀಬ್ಯಾಡ್ರಿ. ಬೆರಳ ಸುಟ್ಟಿದ್ದು ಮಾಯ್ತೇನು? ದಿನಾ ಎಣ್ಣಿ ಹಚ್ಚಾಕತ್ತೀರಿಲ್ಲೋ?” ಎಂದಿತು.

ಹಣಮಮ್ಮ ಫೋನು ಕಟ್ ಮಾಡಿ ಇದ್ದಲ್ಲೇ ಇಟ್ಟಳು. ಬೆರಳು ಸುಟ್ಟದ್ದೂ ಆ ಹೆಂಗಸಿಗೆ ಗೊತ್ತು. ಎಣ್ಣೆಯೂ ಅವಳು ಹೇಳಿದ್ದೇ!

ಮರುದಿನ ಚಂದ್ರಕಲಾಳಿಗೆ ಒಲೆ ಒಪ್ಪಿಸಿ, ತಲೆತುಂಬ ಸೆರಗು ಹೊದ್ದು, ಹಣಮಮ್ಮ ಗಂಡನ ಹಿಂದಿನ ಡಬ್ಬಿ ಹತ್ತಿದಳು. ಚಿತ್ತಾಪುರ ದಾಟುವ ತನಕ ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡೇ ಇದ್ದಳು, ಎಲ್ಲಾದರೂ ನಡುವೆ ಇಳಿದಾನೆಂದು. ಅವನು ಇಳಿದದ್ದು ಸೇಡಮ್ಮಿನಲ್ಲೇ. ಆಟೋ ಹಿಡಿಯದೆ ನಡೆದ. ಅವಳೂ ದೂರದಿಂದ ನಡೆದಳು. ದವಾಖಾನೆಯ ಮುಂದಿನ ಬಾಗಿಲಿಗೆ ಹೋಗದೆ ಅವನು ಕಾಂಪೌಂಡು ಸುತ್ತಿ ಹಿಂದೆ ಹೋದ. ಬೇವಿನ ಗಿಡದ ಕೆಳಗೆ ಒಂದು ಒಂಟಿ ಕೋಣೆಯಿತ್ತು. ಅತ್ತಿತ್ತ ನೋಡಿ, ಕಳ್ಳನ ಹಾಗೆ ಒಳಗೆ ಸೇರಿಕೊಂಡ.

ಹಣಮಮ್ಮ ಕಿಟಕಿಗೆ ಬಂದಳು. ನೀಲಿ ಸೀರೆಯವಳು ಇದ್ದಳು. ಅಂಬರಾಯ ಕಣ್ಣು ಮುಚ್ಚಿ ಕೂತಿದ್ದ. ಅವನ ಅಂಗೈ ಅವಳ ಕೈಯಲ್ಲಿತ್ತು. ಅವಳು ಪೆನ್ನಿನ ತುದಿಯಿಂದ ಅವನ ಒಂದೊಂದು ಬೆರಳನ್ನೂ ಮೆಲ್ಲಗೆ ಮುಟ್ಟುತ್ತಿದ್ದಳು. ಅವನು ಇನ್ನೊಂದು ಕೈಯಿಂದ ಮುಟ್ಟಿದ ಜಾಗ ತೋರಿಸಿ “ಇಲ್ಲಿ,” ಅನ್ನುತ್ತಿದ್ದ, ಮತ್ತೆ “ಇಲ್ಲಿ.” ಕೆಲವು ಸಲ ಅವಳು ಮುಟ್ಟಿದರೂ ಅವನು ಸುಮ್ಮನಿರುತ್ತಿದ್ದ. ಇದೆಂಥ ಆಟ ಎಂದು ಹಣಮಮ್ಮನ ಮೈ ಉರಿಯಿತು. ಅಷ್ಟರಲ್ಲಿ ಆಕೆ ಒಂದು ಪಟ್ಟಿಯಿಂದ ಕೆಂಪು ಗುಳಿಗೆ ಬಿಡಿಸಿ ಅವನ ಕೈಗೆ ಹಾಕಿ, ನೀರಿನ ಲೋಟ ಕೊಟ್ಟಳು.

“ನನ್ನ ಮುಂದೇ ನುಂಗ್ರಿ,” ಎಂದಳು.

ಹಣಮಮ್ಮ ಬಾಗಿಲು ದೂಡಿಕೊಂಡು ನುಗ್ಗಿದಳು. “ನುಂಗಬ್ಯಾಡ! ಏನ್ ತಿನ್ನಸಾಕತ್ತೀಯವ್ವಾ ನನ್ನ ಗಂಡಗ? ಕರ್ರಗ ಕಲ್ಲಿದ್ದಿಲಾಗ್ಯಾನ, ರಗತ ಉಚ್ಚಾಕತ್ತಾನ, ಇನ್ನೂ ಸಮಾಧಾನ ಆಗಿಲ್ಲೇನು ನಿಂಗ?”

ಅಂಬರಾಯನ ಕೈಯಿಂದ ಲೋಟ ಉರುಳಿತು. ನೀಲಿ ಸೀರೆಯವಳು ಮಾತ್ರ ಎದ್ದು, ಬಾಗಿಲು ಮುಂದೆ ಮಾಡಿ, ಕುರ್ಚಿ ಎಳೆದಳು. “ನಾ ಶಿವರಂಜನಿ ಅಂತ, ಇಲ್ಲಿ ನರ್ಸ್. ಬರ್ರಿ, ಕುಂದ್ರಿ. ನೀವು ಇವರ ಮನಿಯವ್ರು ಹೌದಲ್ಲೋ?”

“ಅದನ್ನ ಕೇಳಾಕ ನೀ ಯಾರು? ಏನ್ ಗುಳಿಗಿ ಅದು?”

“ಅದನ್ನ ಇವರೇ ಹೇಳಬೇಕವ್ವಾ. ಇವರು ಹೇಳು ಅಂದ್ರ ನಾ ಹೇಳ್ತೀನಿ. ಇಲ್ಲಂದ್ರ ಹೆಂಡತಿಗೂ ಹೇಳಂಗಿಲ್ಲ.”

ಈ ಮಾತು ಕೇಳಿ ಹಣಮಮ್ಮನ ಸಂಶಯ ಒಮ್ಮೆಲೇ ದಿಕ್ಕು ತಪ್ಪಿತು. ತಪ್ಪು ಮಾಡಿದವಳು ಹೀಗೆ ಮಾತಾಡುವುದಿಲ್ಲ. ಗಂಡನ ಕಡೆ ತಿರುಗಿದಳು. ಅಂಬರಾಯ ಎದ್ದು ಅಂಗಿ ತೆಗೆದ, ಬನಿಯನ್ ತೆಗೆದ, ಬೆನ್ನು ತಿರುಗಿಸಿ ನಿಂತ. ಬೆನ್ನ ಮೇಲೆ, ಸೊಂಟದ ಹತ್ತಿರ, ಅಂಗೈಯಗಲದ ಮಚ್ಚೆಗಳಿದ್ದವು. ಮೈಯೆಲ್ಲ ಬೆವರಿ ಹೊಳೆಯುತ್ತಿದ್ದರೂ ಆ ಜಾಗಗಳು ಮಾತ್ರ ಒಣಗಿ, ಒಂದು ಕೂದಲೂ ಇಲ್ಲದೆ ಸತ್ತಂತಿದ್ದವು.

“ದೊಡ್ಡ ರೋಗ,” ಎಂದ, ಗೋಡೆಗೆ ಹೇಳಿದಂತೆ. “ಕುಷ್ಠ.”

ಹಣಮಮ್ಮ ಹಿಂದೆ ಸರಿದಳು. ತನಗೆ ತಿಳಿಯುವ ಮೊದಲೇ ಅವಳ ಕೈ ಸೆರಗಿನೊಳಗೆ ಹೋಗಿತ್ತು. ಅಂಬರಾಯ ತಿರುಗಿದಾಗ ನೋಡಿದ್ದು ಅದನ್ನೇ. ಮತ್ತೆ ಬನಿಯನ್ ಹಾಕಿಕೊಂಡ.

ಆಮೇಲೆ ಶಿವರಂಜನಿಯೇ ಎಲ್ಲ ಹೇಳಿದಳು. ಕಲ್ಲು ಇಳಿಸಲು ಸೇಡಮ್ಮಿಗೆ ಬಂದಾಗ ಅಂಬರಾಯನ ಕೈ ಸೀಳಿತ್ತು. ಕಟ್ಟಿಸಿಕೊಳ್ಳಲು ಬಂದಿದ್ದ. ಹೊಲಿಗೆ ಹಾಕಲು ಸೂಜಿ ಚುಚ್ಚುವ ಮುನ್ನವೇ ಗಾಯ ತೊಳೆಯುವಾಗ ಇವನು ಮುಖ ಕಿವುಚದಿದ್ದುದನ್ನು ಕಂಡು ಅವಳಿಗೆ ಅನುಮಾನ ಬಂತು. ಡಾಕ್ಟರನ್ನು ಕರೆದಳು. ಮಚ್ಚೆಗಳು ಸಿಕ್ಕವು, ಮೊಣಕೈಯಲ್ಲಿ ನರ ಹಗ್ಗದ ಹಾಗೆ ದಪ್ಪಗಾಗಿದ್ದು ಸಿಕ್ಕಿತು.

“ಚರ್ಮ ಅಂದ್ರ ಬರೇ ಮ್ಯಾಲಿನ ಹೊದಿಕಿ ಅಲ್ರಿ,” ಎಂದಳು ಶಿವರಂಜನಿ. “ಬಿಸಿ ಯಾವುದು, ಮುಳ್ಳು ಯಾವುದು ಅಂತ ಕಾವಲು ಕಾಯೋದೇ ಅದು. ಈ ರೋಗ ಆ ಕಾವಲು ಕಾಯೋ ನರಗಳನ್ನೇ ತಿಂತದ. ಇವರು ವಯಸ್ಸಾಗಿ ಚರ್ಮ ಒಣಗ್ಯದ ಅಂತ ತಿಳ್ಕೊಂಡಿದ್ರು. ವಯಸ್ಸಾದ್ರ ಚರ್ಮ ತೆಳ್ಳಗಾಗ್ತದ, ಒಣಗ್ತದ, ಖರೇ. ಆದ್ರ ಚುಚ್ಚಿದ್ರ ನೋಯ್ತದಲ್ಲ? ಇವರಿಗಿ ನೋಯಲಿಲ್ಲ.”

“ಮೈ ಕರ್ರಗಾಗಿದ್ದು?”

“ಗುಳಿಗಿದು. ದಿನಾ ನುಂಗೋದ್ರಾಗ ಒಂದು ಹಾಂಗ ಬಣ್ಣ ತರ್ತದ. ಈ ಕೆಂಪು ಗುಳಿಗಿ ತಿಂಗಳಿಗೊಮ್ಮೆ, ನನ್ನ ಕಣ್ಣ ಮುಂದ. ಅವತ್ತು ಉಚ್ಚಿ ಕೆಂಪಾಗ್ತದ, ರಗತ ಅಲ್ಲ. ಕೋರ್ಸ್ ಮುಗಿದ ಮ್ಯಾಲೆ ಬಣ್ಣ ನಿಧಾನ ಇಳೀತದ.”

ಹಣಮಮ್ಮ ನಂಬಲಿಲ್ಲ. ಒಂದೊಂದು ಉತ್ತರಕ್ಕೂ ಇನ್ನೊಂದು ಪ್ರಶ್ನೆ ಹಾಕಿದಳು. ಚಪ್ಪಲಿ ಯಾಕೆ? ಅಂಗಾಲಿಗೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ, ಅದಕ್ಕೆ ಸರಕಾರದ ಮೆತ್ತನೆ ಚಪ್ಪಲಿ. ಎಣ್ಣೆ ಯಾಕೆ? ಬೆವರದ ಚರ್ಮ ಬಿರಿದು ಹುಣ್ಣಾಗದಿರಲಿ ಎಂದು. ಕೊನೆಗೆ ಕೇಳಿದಳು, “ನಂಗೂ ಹತ್ಯದೇನು?”

“ನೋಡೋಣ ಬರ್ರಿ. ನಿಮ್ಮನ್ನ ಕರ್ಕೊಂಡು ಬರ್ರಿ ಅಂತ ಇವರಿಗಿ ಪ್ರತಿ ಸಲ ಹೇಳೇ ಹೇಳ್ತಿದ್ದೆ.”

ಪರದೆಯ ಹಿಂದೆ ಶಿವರಂಜನಿ ಅವಳ ಬೆನ್ನು, ತೋಳು, ಕಾಲು ಬೆಳಕಿಗೆ ಹಿಡಿದು ನೋಡಿದಳು. ಎಡ ಮೊಣಕೈ ಕೆಳಗೆ ಒಂದು ಬಿಳಿಚು ಗುರುತಿತ್ತು. ಅದರ ಮೇಲೆ ಅವಳ ಕೈ ನಿಂತಿತು.

“ಕಣ್ಣು ಮುಚ್ರಿ. ಮುಟ್ಟಿದ್ದು ಗೊತ್ತಾದ್ರ ಹೇಳ್ರಿ.”

ಹತ್ತಿಯ ಎಳೆ ಸೋಕಿತು. ಗೊತ್ತಾಯಿತು. ಇನ್ನೊಮ್ಮೆ ಸೋಕಿತು. ಗೊತ್ತಾಯಿತು. ಹಣಮಮ್ಮ ಕಣ್ಣು ತೆರೆಯಲೇ ಇಲ್ಲ, “ಮತ್ತೊಮ್ಮೆ ಮುಟ್ಟವ್ವಾ,” ಎಂದಳು. ಅದು ಹಂಚಿನಿಂದ ಸುಟ್ಟ ಹಳೆಯ ಕಲೆ. ಬೇರೆ ಏನೂ ಇರಲಿಲ್ಲ. ಜೊತೆಯಲ್ಲಿ ಇದ್ದವರಿಗೆ ಮುನ್ನೆಚ್ಚರಿಕೆಗೆಂದು ಒಂದೇ ಸಲ ಕೊಡುವ ಗುಳಿಗೆಯನ್ನು ಡಾಕ್ಟರನ್ನು ಕೇಳಿ ಬಂದು ಶಿವರಂಜನಿ ಅವಳ ಕೈಗೆ ಹಾಕಿದಳು. ಹಣಮಮ್ಮ ಅದನ್ನು ಹೊರಳಿಸಿ ನೋಡಿದಳು, ಮೂಸಿದಳು.

“ನಾನೂ ಕರ್ರಗಾಗ್ತೀನೇನು?”

“ಇಲ್ಲ. ಇವತ್ತೊಂದು ದಿನ ಬಚ್ಚಲದಾಗ ಹೆದರಬ್ಯಾಡ್ರಿ, ಅಷ್ಟೇ.”

ವಾಪಸು ಗಾಡಿಯಲ್ಲಿ ಇಬ್ಬರೂ ಎದುರುಬದುರು ಕೂತರು. ಮಳಖೇಡ ದಾಟಿದ ಮೇಲೆ ಅಂಬರಾಯ ತಾನಾಗಿ ಬಾಯಿ ಬಿಟ್ಟ. “ಹೇಳಿದ್ರ ನಿನ್ನ ರೊಟ್ಟಿ ಯಾರು ಕೊಳ್ತಾರ? ಅಂಬುಜಾನ ಅತ್ತಿಮನ್ಯಾಗ ಏನಂತಾರ? ಗುಳಿಗಿ ಮುಗಿಸಿ, ಆರಾಮಾಗಿ, ಆಮ್ಯಾಲೆ ಹೇಳೋಣ ಅಂತಿದ್ದೆ.”

“ನಾ ಬ್ಯಾರೆ ಹೆಂಗಸಿನ ಸಂಗಟ ಅದೀರಿ ಅಂತ ತಿಳಕೊಂಡಿದ್ದೆ.”

ಅಂಬರಾಯ ಕಿಟಕಿಯ ಗಾಜಿನಲ್ಲಿ ತನ್ನನ್ನೇ ನೋಡಿಕೊಂಡ. “ಈ ಮಾರಿಗಿ?” ಎಂದ. ಹಣಮಮ್ಮನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಆದರೂ ಅವಳು ಎದ್ದು ಹೋಗಿ ಅವನ ಪಕ್ಕ ಕೂಡಲಿಲ್ಲ.

ತಿಳಿದದ್ದು ಬೇರೆ, ಮನಸ್ಸು ಒಪ್ಪುವುದು ಬೇರೆ. ಮೊದಲ ಗುಳಿಗೆ ಬಿದ್ದು ಸ್ವಲ್ಪ ದಿನಕ್ಕೇ ರೋಗ ಇನ್ನೊಬ್ಬರಿಗೆ ಅಂಟುವುದು ನಿಲ್ಲುತ್ತದೆ, ತಾಟಿನಿಂದ ರೊಟ್ಟಿಯಿಂದ ಬರುವ ರೋಗವಲ್ಲ ಎಂದು ಶಿವರಂಜನಿ ಬಿಡಿಸಿ ಹೇಳಿದ್ದಳು. ಆದರೂ ಹಣಮಮ್ಮ ಗಂಡನ ತಾಟನ್ನು ಕೊನೆಗೆ ತೊಳೆದಳು. ಬೆಳಿಗ್ಗೆ ಎದ್ದರೆ ಮೊದಲು ತನ್ನ ತೋಳು ಚಿವುಟಿಕೊಳ್ಳುವಳು. ಮಧ್ಯಾಹ್ನ ಹಂಚಿನ ಮುಂದೆ ಬೆವರಿಳಿದರೆ ಸಮಾಧಾನವಾಗುವುದು. ಬೆನ್ನು ತುರಿಸಿದರೆ ಕನ್ನಡಿ ಹುಡುಕುವಳು. ಅಂಬರಾಯ ಇದನ್ನೆಲ್ಲ ನೋಡಿಯೂ ನೋಡದವನಂತೆ ಪಡಸಾಲೆಯಲ್ಲೇ ಮಲಗುತ್ತಿದ್ದ.

ಚಂದ್ರಕಲಾ ಬಿಡಲಿಲ್ಲ. “ಸೇಡಮ್ಮದಾಗ ಏನಾತು? ಆಕಿ ಸಿಕ್ಕಳೇನು? ಮದ್ದು ಬಿಡಿಸಿದ್ಯೇನು?” ಎಂದು ದಿನಾ ಕೆದಕಿದಳು. ಚರ್ಮದ ಔಷಧ ಎಂದು ಹೇಳಿ ಹಣಮಮ್ಮ ಮಾತು ತೇಲಿಸಿದಳು. ಎಂಥ ಚರ್ಮದ ಔಷಧಕ್ಕೆ ವಾಡಿ ಬಿಟ್ಟು ಸೇಡಮ್ಮಿಗೆ ಹೋಗಬೇಕು ಎಂದು ಅವಳು ಹುಬ್ಬೇರಿಸಿದಳು. ಕೊನೆಗೆ ಒಂದು ದಿನ ಹಣಮಮ್ಮನಿಗೆ ಸುಳ್ಳಿನ ಮೇಲೆ ಸುಳ್ಳು ಪೇರಿಸಿ ಸಾಕಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಚಂದ್ರಕಲಾ ಕೈಯಲ್ಲಿದ್ದ ಹಿಟ್ಟನ್ನು ನಾದುವ ಕೊಣಮಿಗೆಯಲ್ಲಿಟ್ಟು, ಕೈ ತೊಳೆದು, “ಮನಿಯಾಗ ಕೆಲಸ ಅದ,” ಎಂದು ಹೋದವಳು ಮತ್ತೆ ಬರಲಿಲ್ಲ. ಅವಳ ಹಿಂದೆಯೇ ಒಂದು ಖಾನಾವಳಿಯವರು ರೊಟ್ಟಿ ಬೇಡ ಅಂದರು. ಉಳಿದವರು ಏನೂ ಅನ್ನಲಿಲ್ಲ. ಅವರಿಗೆ ಸುದ್ದಿ ಮುಟ್ಟಿರಲಿಲ್ಲವೋ, ಮುಟ್ಟಿಯೂ ಲಕ್ಷ್ಯ ಮಾಡಲಿಲ್ಲವೋ, ಹಣಮಮ್ಮನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಬುಟ್ಟಿ ಕೊಡುವಾಗ ಎದುರಿನವರ ಕಣ್ಣು ತನ್ನ ಬೆರಳ ಮೇಲೆ ಇದೆಯೇ ಎಂದು ನೋಡುವುದು ಅವಳಿಗೆ ಚಾಳಿಯಾಯಿತು.

ಚಂದ್ರಕಲಾ ಎದ್ದುಹೋದ ದಿನ ಸಂಜೆ ಹಣಮಮ್ಮ ಗಂಡನ ತಾಟನ್ನೂ ತನ್ನದನ್ನೂ ಒಟ್ಟಿಗೇ ಇಟ್ಟು ಬಡಿಸಿದಳು. ಆ ಹೆಂಗಸು ಕೈ ತೊಳೆದದ್ದನ್ನು ಕಂಡಾಗ ಅವಳಿಗೆ ಉರಿ ಹತ್ತಿತ್ತು. ತಾನೂ ಇಷ್ಟು ದಿನ ಮಾಡಿದ್ದು ಅದನ್ನೇ ಎಂದು ಹೊಳೆದಾಗ ಆ ಉರಿ ಇನ್ನೂ ಹೆಚ್ಚಾಯಿತು. ಅಂಬರಾಯ ಎರಡು ತಾಟನ್ನೂ ನೋಡಿದ. “ಖರೇನ?” ಎಂದ. “ಉಣ್ರಿ ಸುಮ್ಕ,” ಎಂದಳು.

ಅಂಬುಜಾ ಹೆರಿಗೆಗೆ ಬಂದಳು. ಎರಡೇ ದಿನದಲ್ಲಿ ಅವಳಿಗೂ ಅನುಮಾನ ಶುರುವಾಯಿತು. ಅಪ್ಪ ಯಾಕೆ ಬಾಗಿಲಲ್ಲೇ ನಿಂತು ಮಾತಾಡುತ್ತಾನೆ? ಯಾಕೆ ಇಷ್ಟು ಕಪ್ಪಾಗಿದ್ದಾನೆ? ಅವ್ವನ ಸಂಗಡ ಜಗಳವೇ? ಹಣಮಮ್ಮ ಈ ಸಲ ಕಾಯಲಿಲ್ಲ, ಬಾಗಿಲು ಹಾಕಿಕೊಂಡು ಹೇಳಿದಳು. ಅಂಬುಜಾ ಹೆದರುವಳೆಂದುಕೊಂಡಿದ್ದಳು. ಅವಳಿಗೆ ಬಂದದ್ದು ಸಿಟ್ಟು.

“ಇಷ್ಟು ದಿನ ನಂಗ ಯಾಕ ಹೇಳಲಿಲ್ಲ? ನಾ ಏನ್ ಪರಕೀಯಳಾ? ಆ ಸಿಸ್ಟರ್ ನಂಬರ್ ಕೊಡ್ರಿ.”

ಫೋನಿನಲ್ಲಿ ಅವಳು ಎಷ್ಟೋ ಹೊತ್ತು ಮಾತಾಡಿದಳು. ಬಸುರಿಯರಿಗೆ ಆ ಒಂದು ಸಲದ ಗುಳಿಗೆ ಈಗ ಬೇಡ, ಹೆರಿಗೆಯಾದ ಮೇಲೆ ಪರೀಕ್ಷೆ ಮಾಡಿಸಿ ಡಾಕ್ಟರು ಹೇಳಿದಂತೆ ಮಾಡೋಣ, ಅಪ್ಪನ ಬಗ್ಗೆ ಹೆದರಿಕೆ ಬೇಡ ಎಂದಳು ಶಿವರಂಜನಿ.

ಹೆಣ್ಣು ಕೂಸು ಹುಟ್ಟಿತು. ದವಾಖಾನೆಯಿಂದ ಮನೆಗೆ ತಂದ ದಿನ ಅಂಬರಾಯ ಅಂಗಳದಲ್ಲೇ ಉಳಿದ. ಕರೆದರೂ ಒಳಗೆ ಬರಲಿಲ್ಲ. ಅಂಬುಜಾ ಕೂಸನ್ನು ಎತ್ತಿಕೊಂಡು ಹೊರಗೆ ನಡೆದಳು, ಬಾಣಂತಿ ಹೊರಗೆ ಬರಬಾರದು ಎಂದು ಹಣಮಮ್ಮ ಕೂಗಿದರೂ ಕೇಳಲಿಲ್ಲ. ಕೂಸನ್ನು ಅಪ್ಪನ ತೊಡೆಯ ಮೇಲಿಟ್ಟು, ಅಲುಗಾಡದೆ ಪಕ್ಕದಲ್ಲೇ ಕೂತುಬಿಟ್ಟಳು.

ಅಂಬರಾಯ ಎರಡೂ ಕೈ ಮೇಲೆತ್ತಿ ಹಿಡಿದಿದ್ದ. ಬಹಳ ಹೊತ್ತಿನ ಮೇಲೆ ಒಂದು ಬೆರಳು ಇಳಿಸಿ ಕೂಸಿನ ಪಾದ ಮುಟ್ಟಿದ. ಅವನ ಮುಖದಲ್ಲಿ ಏನೂ ಮೂಡಲಿಲ್ಲ.

“ಬೆರಳಿಗಿ ಏನೂ ತಿಳಿಯವಲ್ದು,” ಎಂದ. “ಬಿಸಿ ಅದನೋ ತಂಪು ಅದನೋ.”

“ಬೆರಳು ಬಿಡ್ರಿ,” ಎಂದಳು ಹಣಮಮ್ಮ ಬಾಗಿಲಿನಿಂದ. “ಕೆನ್ನಿಗಿ ಹಚ್ಕೋರಿ. ಅಲ್ಲಿ ಏನೂ ಆಗಿಲ್ಲಂತ ಸಿಸ್ಟರ್ ಹೇಳ್ಯಾಳಲ್ಲ.”

ಅವನು ಹಿಂದು ಮುಂದು ನೋಡಿದ. ಓಣಿಯಾಚೆ ಚಂದ್ರಕಲಾ ನೀರಿನ ಕೊಡ ಹಿಡಿದು ನಿಂತವಳು ಇತ್ತಲೇ ನೋಡುತ್ತಿದ್ದಳು. ಅಂಬರಾಯ ಬಗ್ಗಿ, ಆ ಕರಿ ಕೆನ್ನೆಯನ್ನು ಕೂಸಿನ ಅಂಗಾಲಿಗೆ ಹಚ್ಚಿದ. ಕೂಸು ಜಾಡಿಸಿ ಒದೆಯಿತು.

“ಬೆಚ್ಚಗದ,” ಎಂದ. ಮತ್ತೆ ಇನ್ನೊಂದು ಕೆನ್ನೆ ಹಚ್ಚಿದ.